ಶಿಕ್ಷೆಗೆ ಫೈಲ್ ಹಿಡಿದು ಹೋದದ್ದು

ಮಗಳು ಡೆಟ್ರಾಯಿಟ್ ಹತ್ತಿರದ ಎಂಜಿನಿಯರಿಂಗ್ ಕಾಲೇಜನ್ನು ಅರ್ಧಕ್ಕೇ ಬಿಟ್ಟು ಶಿಕಾಗೋ ಪಕ್ಕದ ಡೌನರ್ಸ್ ಗ್ರೋವಿನ ನಮ್ಮ ಮನೆಗೆ ಬಂದು ಮೂರು ವಾರವಾಗಿತ್ತು. ನಾನು ಬೈದಿರಲಿಲ್ಲ. ಯಾಕೆ ಬಂದೆ ಅಂತ ಕೇಳಿಯೂ ಇರಲಿಲ್ಲ. ಕಾರಣ ಗೊತ್ತಾಗದಿದ್ದರೆ ಎಲ್ಲ ಕಾರಣಗಳಿಗೂ ಹೆದರಬಹುದಲ್ಲ, ನನ್ನಂಥವನಿಗೆ ಅದೇ ಅನುಕೂಲ.

ಹದಿನೆಂಟನೆಯ ಶತಮಾನದ ಸೈನ್ಯದ ವೇಷ ಹಾಕಿ ಕವಾಯತು ತೋರಿಸುವ ತಂಡವೊಂದರಲ್ಲಿ ಅವಳು ಹೈಸ್ಕೂಲಿನಿಂದಲೂ ಡ್ರಮ್ ಬಾರಿಸುತ್ತಾಳೆ. ಆ ಶನಿವಾರ ಡೆಸ್ ಪ್ಲೇನ್ಸ್‌ನ ಪಾರ್ಕಿನಲ್ಲಿ ಪ್ರದರ್ಶನ. ಪಡೆ ಬಿಟ್ಟು ಓಡಿಹೋದ ಸಿಪಾಯಿಯ ಪಾತ್ರ ಮಾಡಬೇಕಾದವರಿಗೆ ಜ್ವರ.

"ಅಪ್ಪಾ, ಪ್ಲೀಸ್," ಅಂದಳು. ಮೂರು ವಾರದಲ್ಲಿ ನನ್ನನ್ನು ಕೇಳಿದ್ದು ಅದೊಂದೇ. ಒಪ್ಪಿದೆ.

ಕಾರಿನಲ್ಲಿ ವಿವರಿಸಿದಳು: ಓಡಿಹೋದವನಿಗೆ ಮೊದಲು ವಿಚಾರಣೆ, ಆಮೇಲೆ ಇಡೀ ಪಡೆಯ ಎದುರು ಚಾಟಿಯೇಟು. ಹೊಡೆಯುವ ಕೆಲಸ ಡ್ರಮ್ ಬಾರಿಸುವವರದ್ದು.

"ಅಂದ್ರೆ ನಿಂದು?"

"ಯಾ," ಅಂದಳು. ನಗಲಿಲ್ಲ.

ವೀಸಾ ಇಂಟರ್ವ್ಯೂಗಳ ಕಾಲದಿಂದ ನಾನು ಫೈಲಿಲ್ಲದೆ ಯಾವ ಮೇಜಿನ ಮುಂದೂ ನಿಂತವನಲ್ಲ. ಪಾರ್ಕಿನಲ್ಲಿ ಕಾರಿಂದ ಇಳಿಯುವಾಗ, ವಿಚಾರಣೆಯ ನೆನಪಿಗೇ ಕೈ ತಾನಾಗಿ ಫೈಲನ್ನು ಎತ್ತಿಕೊಂಡಿರಬೇಕು. ಕೆಂಪು ಕೋಟು, ಮೂರು ಮೂಲೆಯ ಟೋಪಿ, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು. ಜನ ನಗತೊಡಗಿದಾಗಲೇ ಅದು ನನಗೆ ಕಂಡದ್ದು.

"ಯಾಕೆ ಓಡಿಹೋದೆ?" ಎಂದರು ಅಧಿಕಾರಿಯ ವೇಷದ ನಿವೃತ್ತ ಮೇಷ್ಟರು.

ಮಗಳು ಕೊಟ್ಟಿದ್ದ ಸ್ಕ್ರಿಪ್ಟಿನ ಪ್ರಕಾರ ತಪ್ಪಾಯಿತು ಅನ್ನಬೇಕಿತ್ತು. ಮರೆತೇಹೋಯಿತು. ಫೈಲಿನಲ್ಲೂ ಉತ್ತರವಿರಲಿಲ್ಲ. "ಭಯ ಆಯ್ತು ಸರ್," ಅಂದುಬಿಟ್ಟೆ.

ಕೈ ಕಟ್ಟಿದರು. ಬೆನ್ನ ಹಿಂದೆ ಮಗಳು. ಚಾಟಿ ಬರೀ ಉಲ್ಲನ್ನಿನದು ಅಂತ ಗೊತ್ತಿದ್ದರೂ ಬೆವರಿದೆ. ಅಷ್ಟರಲ್ಲಿ ಮೇಷ್ಟರು ಕಾಗದ ಓದಿದರು: ಈತ ತಾನಾಗಿಯೇ ಮರಳಿ ಬಂದಿದ್ದಾನೆ, ಕ್ಷಮಿಸಲಾಗಿದೆ.

ಸ್ಕ್ರಿಪ್ಟಿನ ಆ ಕೊನೆಯ ಪುಟ ನಾನು ಓದಿರಲೇ ಇಲ್ಲ. ಶಿಕ್ಷೆಯವರೆಗೆ ಓದಿ ಚಿಂತೆಗೆ ಕೂತಿದ್ದೆ.

ಹಗ್ಗ ಬಿಚ್ಚುತ್ತ ಮಗಳು, "ಫೈಲ್? ಸೀರಿಯಸ್ಲಿ, ಅಪ್ಪಾ?" ಅಂದಳು.

ವಾಪಸು ಬರುವಾಗ ಕೇಳಿದೆ. "ಯಾಕೆ ಬಂದೆ, ಪುಟ್ಟಾ?"

ಅವಳು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಆಮೇಲೆ, "ಇಲ್ಲೇ ಹಿಸ್ಟರಿಗೆ ಅಪ್ಲೈ ಮಾಡಿದೀನಿ. ನಿಂಗೆ ಹೇಳೋಕೆ ಭಯ ಆಯ್ತು."

ಹಿಸ್ಟರಿ ಓದಿದವರಿಗೆ ಕೆಲಸ ಎಲ್ಲಿ ಸಿಗುತ್ತೆ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ, ಅದರ ಚಿಂತೆಗೆ ಇನ್ನೂ ನಾಲ್ಕು ವರ್ಷ ಇದೆ.

"ಹಿಂದಿನ ಸೀಟಲ್ಲಿ ಫೈಲ್ ಇದೆ ನೋಡು," ಅಂದೆ. "ನಿನ್ನ ಮಾರ್ಕ್ಸ್ ಕಾರ್ಡೂ ಅದರಲ್ಲೇ ಇದೆ. ಎರಡು ಕಾಪಿ."