ಗುಡ್ಡವ್ವನ ಕೈ

ನರಳುವವರನ್ನು ಕಂಡರೆ ಕಣಗಲಾ ಊರಿನ ಗುಡ್ಡವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು. ಎದೆಯ ಗಡ್ಡೆಗೆಂದು ವಾರಕ್ಕೊಮ್ಮೆ ದೊಡ್ಡ ದವಾಖಾನೆಯಲ್ಲಿ ಕಿಮೊ ಹಚ್ಚಿಸಿಕೊಂಡು ಮಲಗಿದಾಗಲೂ ಅಷ್ಟೇ. ಪಕ್ಕದ ಮಂಚದ ಸಂಕೇಶ್ವರದ ಹೆಂಗಸು ವಾಂತಿ, ಬಾಯಿಹುಣ್ಣು ಎಂದು ಕಣ್ಣೀರು ಹಾಕಿದರೆ ಈಕೆ ಗೋಡೆಯ ಕಡೆ ಹೊರಳುತ್ತಿದ್ದಳು.

"ಕೂದಲ ಉದುರಿದ್ದಕ್ಕೂ ಅಳತಾಳ. ನಮ್ಮ ಕುರಿ ವರ್ಷಕ್ಕ ಎರಡ ಸಲ ಬೋಳ ಆಗ್ತಾವು, ಒಂದರ ಅತ್ತಾವೇನು?"

ನರ್ಸ್ ವಿದ್ಯಾ ಪ್ರತಿ ಸಲ ಹಾಳೆ ಹಿಡಿದು ಕೇಳುತ್ತಿದ್ದಳು. ಜ್ವರ? ಭೇದಿ? ಕೈಕಾಲು ಜೋಮು?

"ಏನೂ ಇಲ್ಲ. ಹಂಗ ಬರಕೊ."

ಶುದ್ಧ ಸುಳ್ಳು. ನಾಲ್ಕನೆಯ ಸಲದ ಔಷಧಿಯ ನಂತರ ಬೆರಳಿಗೆ ಹಿಡಿದ ಜೋಮು ಬಿಟ್ಟೇ ಇರಲಿಲ್ಲ. ರೊಟ್ಟಿ ತಿರುವುವಾಗ ಸುಟ್ಟದ್ದು ಬೊಬ್ಬೆ ಎದ್ದ ಮೇಲೆ ಗೊತ್ತಾಗುತ್ತಿತ್ತು. ಆದರೆ ಬಾಯಿಬಿಟ್ಟರೆ ಊರಿಗೆ ಸುದ್ದಿ ಮುಟ್ಟುತ್ತದಲ್ಲ! ಗುಡ್ಡವ್ವನ ಮರ್ಯಾದೆ ಇದ್ದದ್ದೇ ಆ ಬೆರಳುಗಳಲ್ಲಿ. ಕುರಿಯ ಹೊಟ್ಟೆಯ ಕೆಳಗೆ ಕೈ ಹಾಕಿ, ಗಬ್ಬವಾಗಿದೆಯೋ ಇಲ್ಲವೋ, ಒಳಗಿರುವುದು ಒಂದೋ ಎರಡೋ ಎಂದು ಹೇಳುತ್ತಿದ್ದಳು. ಮೂವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಸುತ್ತಲಿನ ಕುರುಬರೆಲ್ಲ ಆಕೆಯ ಬಾಗಿಲಿಗೇ ಬರಬೇಕಿತ್ತು. ದನದ ಡಾಕ್ಟರು ಗಬ್ಬ ನೋಡುವ ಯಂತ್ರ ತಂದಾಗ, ಕೈ ಇಲ್ಲದವರಿಗೆ ಅದು ಬೇಕು ಎಂದು ನಕ್ಕಿದ್ದಳು.

ಒಂದು ಮುಂಜಾನೆ ಮೈದುನ ಪರಸಪ್ಪ ಕರಿ ಕುರಿಯೊಂದನ್ನು ಎಳೆದುಕೊಂಡು ಬಂದ. ಮೀಸೆಯೊಂದು ಬಿಟ್ಟರೆ ಈತನಲ್ಲಿ ಮತ್ತೇನೂ ಇಲ್ಲ ಎಂಬುದು ಗುಡ್ಡವ್ವನ ತೀರ್ಮಾನ.

"ವೈನಿ, ಹೋದ ವರ್ಷ ಈದಿಲ್ಲ ಇದು. ಈಗರ ಗಬ್ಬ ಐತೇನ ನೋಡ್ರಿ. ಇಲ್ಲಾಂದ್ರ ಕಸಾಯಿಗೆ ಕೊಟ್ಟಬಿಡ್ತೀನಿ."

ಕೈ ಹಾಕಿದಳು. ಗೋಣಿಚೀಲದ ಮೇಲಿಂದ ಮುಟ್ಟಿದ ಹಾಗಿತ್ತು. ಒತ್ತಿದಳು, ಇನ್ನಷ್ಟು ಒತ್ತಿದಳು. ತಿಳಿಯಲಿಲ್ಲ ಎನ್ನಬೇಕಿತ್ತು. ಅದೂ ಪರಸಪ್ಪನ ಮುಂದೆ, ಕಟ್ಟೆಯ ಮೇಲಿನ ನಾಲ್ಕು ಜನ ನೋಡುತ್ತಿರುವಾಗ!

"ಬರಡ ಐತಿ. ನಿನ್ನ ತಲ್ಯಾಗ ಎಷ್ಟ ಐತಿ, ಇದರ ಹೊಟ್ಯಾಗೂ ಅಷ್ಟ ಐತಿ."

ಕಟ್ಟೆಯವರೆಲ್ಲ ನಕ್ಕರು. ಪರಸಪ್ಪ ತಲೆ ತಗ್ಗಿಸಿ ಹೋದ.

ಮರುದಿನ ಬರಿ ಹಗ್ಗ ಹಿಡಿದು ಬಂದ. "ಕೊಯ್ದಾಗ ಒಳಗ ಎರಡ ಮರಿ ಇದ್ದುವು ವೈನಿ. ಗೇಣುದ್ದ ಆಗಿದ್ದುವು."

ಗುಡ್ಡವ್ವ ಬೈಗುಳಕ್ಕೆ ಕಾದಳು. ಅವನು ಬೈಯಲಿಲ್ಲ.

"ಇರ್ಲಿ ಬಿಡ್ರಿ. ಜಡ್ಡಿನ್ಯಾಗ ಹಂಗ ಆಗ್ತೈತಿ."

ಪರಸಪ್ಪನಂಥ ಪರಸಪ್ಪ ಕನಿಕರಪಟ್ಟ! ಅಂದು ಆಕೆಗೆ ಅನ್ನ ಸೇರಲಿಲ್ಲ.

ಮುಂದಿನ ವಾರ ವಿದ್ಯಾ ಕೇಳುವ ಮೊದಲೇ ಗುಡ್ಡವ್ವ ಎರಡೂ ಕೈ ಚಾಚಿದಳು.

"ಬೆರಳಿಗೆ ಏನೂ ತಿಳಿಯಂಗಿಲ್ಲ. ನಾಲ್ಕನೇದರಿಂದ."

"ಮಾವಶಿ, ಇದು ಒಂಬತ್ತನೇದು! ಆವಾಗ್ಲೇ ಹೇಳಿದ್ರ ಡಾಕ್ಟರ್ ಔಷಧ ಕಡಿಮಿ ಮಾಡತಿದ್ರು."

"ಬೆರಳಿಗೆ ತಿಳಿಯೂದು ತಿರುಗಿ ಬರ್ತೈತೇನು?"

"ಬರಬಹುದ್ರಿ. ಖಾತ್ರಿ ಹೇಳಾಕ ಆಗಂಗಿಲ್ಲ."

ವಿದ್ಯಾ ಬರೆಯತೊಡಗಿದಳು. ಗುಡ್ಡವ್ವ ಆ ಹಾಳೆಯನ್ನೇ ದಿಟ್ಟಿಸಿದಳು.

"ಎರಡ ಮರಿ ಸತ್ತುವು," ಎಂದಳು. "ಅದನ್ನೂ ಬರಕೊ."