ತಾತನ ವಾಸನೆ

ಕೆಂಪಾಪುರದ ನಮ್ಮ ಎರಡನೇ ಮಹಡಿಯ ಮನೆಗೆ ಬಂದಾಗಿನಿಂದ ನಾನು ದಿನಕ್ಕೆ ಏಳೆಂಟು ಸಿಗರೇಟ್ ಸೇದುತ್ತಿದ್ದೆ. ಆದರೆ ಮನೆಯೊಳಗೆ ಒಂದು ದಿನವೂ ಸೇದಿದವನಲ್ಲ, ಅದು ನನ್ನ ಹೆಮ್ಮೆ. ಬಾಲ್ಕನಿಯ ಗ್ರಿಲ್ಲಿನಿಂದ ಮೊಣಕೈವರೆಗೆ ಕೈ ಹೊರಗೆ ಚಾಚಿ, ಎರಡು ಸರಳುಗಳ ನಡುವೆ ಮೂತಿ ತೂರಿಸಿ ಹೊಗೆ ಬಿಡುತ್ತಿದ್ದೆ. ಅದು ಏರ್‌ಪೋರ್ಟ್ ರಸ್ತೆಯ ಕಡೆ ಹೋಗತಕ್ಕದ್ದು ಎಂದು ನನ್ನ ಏರ್ಪಾಡು. ನನ್ನ ಬೆನ್ನ ಹಿಂದಿನ ಬಾಗಿಲಿನಿಂದ ಅದು ಸೀದಾ ಹಾಲ್‌ನೊಳಕ್ಕೆ ನುಗ್ಗುತ್ತಿದ್ದುದು ನನಗೆ ಗೊತ್ತಾಗಲಿಲ್ಲ. ನನ್ನ ಮುಖ ರಸ್ತೆಯ ಕಡೆ ಇತ್ತಲ್ಲ!

ಸಾಲದ್ದಕ್ಕೆ, ಸೇದಿ ಬಂದ ಮೇಲೆ ದೇವರ ಮುಂದೆ ಸಾಂಬ್ರಾಣಿ ಹಾಕುತ್ತಿದ್ದೆ. ಒಳ್ಳೆಯ ಹೊಗೆ ಕೆಟ್ಟ ಹೊಗೆಯನ್ನು ಓಡಿಸುತ್ತದೆ ಎಂದು ಬಲವಾಗಿ ನಂಬಿದ್ದೆ. ಎದುರು ಮನೆಯ ಹಿರಿಯ ಮುಸ್ಲಿಂ ಹೆಂಗಸು ಪ್ರತಿ ಗುರುವಾರ ಲೋಬಾನದ ಹೊಗೆ ಹಾಕುವವರು. ನನ್ನ ಭಕ್ತಿಗೆ ಮೆಚ್ಚಿ ನನಗೂ ಒಂದು ಪೊಟ್ಟಣ ಕೊಟ್ಟರು. ಅದನ್ನೂ ಹಾಕಿದೆ.

ಐದು ವರ್ಷದ ಮೊಮ್ಮಗಳಿಗೆ ಉಬ್ಬಸ ಶುರುವಾದಾಗ ಅಪರಾಧಿಯನ್ನು ಹುಡುಕಲು ಹೊರಟವನೂ ನಾನೇ. ಹೆಬ್ಬಾಳದ ಧೂಳನ್ನು ಬೈದೆ, ಪಕ್ಕದ ಸೈಟಿನ ಸಿಮೆಂಟನ್ನು ಬೈದೆ. ಪಾರಿವಾಳ ಬಾರದಂತೆ ಬಲೆ ಕಟ್ಟಿಸಿ, ಸೊಸೆ ಫ್ರಿಜ್ಜಿನಿಂದ ತೆಗೆದು ಕೊಡುತ್ತಿದ್ದ ಮೊಸರನ್ನೂ ನಿಲ್ಲಿಸಿದೆ. ಮಧ್ಯಾಹ್ನ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಮಲಗಿಸುವಾಗ ಅದರ ಎದೆಯೊಳಗಿಂದ ಸಣ್ಣಗೆ ಸೀಟಿ ಕೇಳಿಸುತ್ತಿತ್ತು. ನನಗೆ ಭಯವಾಗುತ್ತಿತ್ತು. ಭಯವಾದಾಗಲೆಲ್ಲ ಹೋಗಿ ಒಂದು ಸೇದಿ ಬರುತ್ತಿದ್ದೆ.

ಕೊನೆಗೆ ನಾನೂ ಹೆಂಡತಿಯೂ ಮಗುವನ್ನು ಅಮೃತಹಳ್ಳಿಯ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಮೂಗಿಗೆ ಮಾಸ್ಕ್ ಹಾಕಿ ಔಷಧಿಯ ಆವಿ ಕೊಡುತ್ತಾ ಕೇಳಿದರು:

“ಮನೇಲಿ ಯಾರಾದ್ರೂ ಸಿಗರೇಟ್ ಸೇದ್ತಾರಾ?”

“ಮನೆ ಒಳಗಡೆ ಯಾರೂ ಸೇದಲ್ಲ ಮೇಡಂ,” ಎಂದೆ, ಗಂಭೀರವಾಗಿ.

ಮೊಮ್ಮಗಳು ಮಾಸ್ಕ್ ಸರಿಸಿ, “ತಾತ ಬಾಲ್ಕನೀಲಿ ಸೇದ್ತಾರೆ. ಆಮೇಲೆ ಒಳಗೆ ಬಂದು ದೇವ್ರಿಗೂ ಹೊಗೆ ಕೊಡ್ತಾರೆ,” ಎಂದಳು.

ಹೆಂಡತಿ ಗೋಡೆಯ ಕಡೆ ತಿರುಗಿ ಸೆರಗಿನಲ್ಲಿ ನಕ್ಕಳು. ಡಾಕ್ಟರು ನಗಲಿಲ್ಲ.

“ಬಾಲ್ಕನಿ ಹೊಗೆ ಒಳಗೇ ಬರುತ್ತೆ ಸರ್. ನಿಮ್ಮ ಶರ್ಟಲ್ಲಿ, ಕೂದಲಲ್ಲೂ ಇರುತ್ತೆ. ಸಾಂಬ್ರಾಣಿನೂ ಈ ಮಗೂಗೆ ಆಗಲ್ಲ. ಇವಳು ಮಲಗೋದೆಲ್ಲಿ?”

“ನನ್ನ ಹೆಗಲ ಮೇಲೆ,” ಎಂದೆ. ಹೇಳುವಾಗಲೇ ನಾಚಿಕೆಯಿಂದ ಸತ್ತುಹೋದೆ.

ಅವತ್ತೇ ಬಿಟ್ಟೆ. ಸುಲಭವಾಗಿ ಬಿಟ್ಟೆನೆಂದು ಬರೆದರೆ ಹೆಂಡತಿ ಈ ಹಾಳೆಯನ್ನು ಹರಿದುಹಾಕುತ್ತಾಳೆ. ಮೂರು ವಾರ ಎಲ್ಲರ ಮೇಲೂ ರೇಗಿದೆ, ಕೂಗಿತೆಂದು ಕುಕ್ಕರ್ ಮೇಲೂ ರೇಗಿದೆ. ಅವಳು ನನ್ನ ಶರ್ಟು, ಹೊದಿಕೆ, ಪರದೆಗಳನ್ನೆಲ್ಲ ಒಗೆದು ಹಾಕಿದಳು. ಮಗುವಿನ ಎದೆಯ ಸೀಟಿ ಕಡಿಮೆಯಾಗುತ್ತಾ ಬಂತು.

ಆಗ ಒಂದು ಮಧ್ಯಾಹ್ನ ಎಂದಿನಂತೆ ಮೊಮ್ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡೆ. ನನ್ನ ಶರ್ಟು ಮೂಸಿದಳು, ಕುತ್ತಿಗೆ ಮೂಸಿದಳು, ಮುಖ ಸಿಂಡರಿಸಿದಳು.

“ಇದು ತಾತನ ವಾಸನೆ ಅಲ್ಲ!”

ಅಳುತ್ತಾ ಕೆಳಗಿಳಿದು ಬೀರುವಿನ ತಳದಿಂದ ನನ್ನ ಹಳೆಯ ಮಂಕಿ ಕ್ಯಾಪ್ ಎಳೆದು ತಂದಳು. ಒಗೆತದಿಂದ ತಪ್ಪಿಸಿಕೊಂಡಿದ್ದದ್ದು ಅದೊಂದೇ. ಅದರಲ್ಲಿ ಮುಖ ಹುದುಗಿಸಿಕೊಂಡು ಸಮಾಧಾನವಾಗಿ ಮಲಗಿದಳು. ಸ್ವಲ್ಪ ಹೊತ್ತಿಗೆ ಸೀಟಿ ಮತ್ತೆ ಶುರುವಾಯಿತು.

ಮೆಲ್ಲಗೆ ಟೋಪಿ ಬಿಡಿಸಿಕೊಂಡು ಹೋಗಿ ಬಕೆಟ್ಟಿನಲ್ಲಿ ನೆನೆಸಿದೆ. ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಮೂರು ಸಲ ನೀರು ಬದಲಿಸಿ, ಉಜ್ಜಿ ಒಗೆದು, ಬಾಲ್ಕನಿಯ ಗ್ರಿಲ್ಲಿಗೆ ಒಣಹಾಕಿ ಬಂದು ಅವಳ ಪಕ್ಕ ಕೂತೆ.

ಎದ್ದವಳು ಹಾಸಿಗೆಯನ್ನೆಲ್ಲ ತಡಕಾಡಿದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ, “ತಾತ ಎಲ್ಲಿ?” ಎಂದು ಕೇಳಿದಳು.