ಡ್ಯಾಮ್ ಬಿಟ್ಟಿರಲಿಲ್ಲ

ನಾಲ್ಕು ವರ್ಷದ ಹಿಂದಿನ ಮಾತು. ನಾಗರಪಂಚಮಿಗೆ ಇನ್ನೂ ಎರಡು ದಿನವಿತ್ತು. ಎಂಟು ದಿನದಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ.

ಮೂಡಲಗಿ ತಾಲೂಕಿನಲ್ಲಿ ಘಟಪ್ರಭಾ ಹೊಳೆಯ ದಂಡೆಗೆ ನಮ್ಮೂರು. ನನ್ನದು ಹಿಟ್ಟಿನ ಗಿರಣಿ. ನನ್ನ ಹೆಂಡತಿಯ ತಮ್ಮ ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮಿನ ಹತ್ತಿರ ಚಹಾದಂಗಡಿ ಇಟ್ಟಿದ್ದಾನೆ. ಮಳೆಗಾಲ ಬಂತೆಂದರೆ ದಿನಾ ಮುಂಜಾನೆ ಅವನಿಗೆ ಫೋನ್ ಹಚ್ಚಿ "ಗೇಟ್ ಎತ್ಯಾರೇನು?" ಎಂದು ಕೇಳುವುದು, ಜೋಳ ಬೀಸಿಸಲು ಬಂದವರಿಗೆಲ್ಲ ಅದನ್ನು ಹೇಳುವುದು ನನ್ನ ರೂಢಿ. ಡ್ಯಾಮ್ ಬಿಟ್ಟರೆ ಹೊಳೆ ಊರಿಗೆ ಬರುತ್ತದೆ, ಬಿಡದಿದ್ದರೆ ಬರುವುದಿಲ್ಲ ಎಂದೇ ನಾವೆಲ್ಲ ನಂಬಿದ್ದೆವು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಆ ಫೋನೇ ಐಶ್ವರ್ಯ.

ನಮ್ಮ ಬಾಜೂ ಮನೆಯವರು ಬಾಳವ್ವ ಕಾಕು. ಗಂಡ ತೀರಿಕೊಂಡ ಮೇಲೆ ಒಂದು ಎಮ್ಮೆಯ ಹಾಲು ಮಾರಿಯೇ ಮಗಳನ್ನು ಬೆಳೆಸಿ, ಮೂಡಲಗಿಗೆ ಮದುವೆ ಮಾಡಿ ಕೊಟ್ಟವರು. ಆ ವರ್ಷ ಎಮ್ಮೆ ಗಬ್ಬವಾಗಿ ದಿನ ತುಂಬಿತ್ತು. ದನಗಳ್ಳರ ಕಾಟಕ್ಕೆ ಹೆದರಿ ಅದಕ್ಕೆ ಸರಪಳಿ ಬಿಗಿದು ಬೀಗ ಹಾಕುತ್ತಿದ್ದರು.

ಅವತ್ತು ಮುಂಜಾನೆ ಕಾಕು ಪಂಚಮಿಗೆ ಕಟ್ಟಿದ ಎಳ್ಳುಂಡಿಯ ಡಬ್ಬಿ ಹಿಡಿದು ಗಿರಣಿಗೆ ಬಂದರು. ಮಗಳು ಬಸುರಿ, ಪಂಚಮಿಗೆ ತವರಿಗೆ ಬರುವಂತಿರಲಿಲ್ಲ. ತಾವೇ ಉಂಡಿ ಮುಟ್ಟಿಸಲು ಹೊರಟಿದ್ದರು. ಆದರೆ ಮುಖದಲ್ಲಿ ಕಳೆ ಇರಲಿಲ್ಲ.

"ತಮ್ಮಾ, ಹೊಳಿ ನೋಡೀಯೇನು? ಕೆಮ್ಮಣ್ಣ ಕದಡಿದಂಗ ಆಗೇತಿ. ಎಮ್ಮಿನ ಮ್ಯಾಲಿನ ಸಾಲಿ ಕಡೆ ಕಟ್ಟಿ ಹೋಗಲೇನು ಅಂತ ವಿಚಾರ ಮಾಡಾಕತ್ತೇನಿ."

"ಈಗ ಫೋನ್ ಹಚ್ಚಿದ್ದೆ ಕಾಕೂ. ಗೇಟ್ ಎಲ್ಲಾ ಬಂದ್ ಅದಾವ. ಡ್ಯಾಮ್ ಬಿಡದ ನೀರ ಎಲ್ಲಿಂದ ಬರ್ತೇತ್ರಿ?" ಎಂದು ನಕ್ಕೆ.

"ಹಂಗಾದ್ರ ಬೀಗದ ಕೈಯಾದ್ರೂ ನಿನ್ನ ಕಡೆ ಇಟಗೊ."

"ಅದ್ಯಾಕ್ರಿ? ಸಂಜಿಗೆ ಹೊಳ್ಳಿ ಬರ್ತೀರಲ್ಲ. ಸುಮ್ಮ ಹೋಗಿ ಬರ್ರಿ."

ಗಿರಣಿಯಲ್ಲಿದ್ದ ಇಬ್ಬರು ನನ್ನ ಜೊತೆಗೆ ನಕ್ಕರು. ಕಾಕು ಕೀಲಿಕೈಯನ್ನು ಮತ್ತೆ ಎಲೆಯಡಿಕೆ ಚೀಲದೊಳಗೆ ಹಾಕಿ, ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸಿಗೆ ಹೋದರು.

ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಹೊಳೆ ಮುಂದಿನಿಂದ ಬರಲಿಲ್ಲ. ಹೊಳೆಯ ನೀರು ಒಳಹೊಕ್ಕು ಊರ ಹಿಂದಿನ ಹಳ್ಳ ಹಿಮ್ಮುಖವಾಗಿ ತುಂಬಿ ಓಣಿಗೆ ನುಗ್ಗಿತು. ಮಕ್ಕಳನ್ನು, ನಮ್ಮ ಎರಡು ಎಮ್ಮೆಗಳನ್ನು ಶಾಲೆಯ ದಿನ್ನೆಗೆ ಹತ್ತಿಸಿ ಹೊರಳಿ ಬರುವಷ್ಟರಲ್ಲಿ ಕಾಕುವಿನ ಕೊಟ್ಟಿಗೆಯಲ್ಲಿ ನೀರು ಸೊಂಟಕ್ಕೆ ಬಂದಿತ್ತು. ಹಾರೆಯಿಂದ ಬೀಗ ಹೊಡೆದೆ, ಮುರಿಯಲಿಲ್ಲ. ಸರಪಳಿ ಸಿಕ್ಕಿಸಿದ್ದ ಕಲ್ಲುಗೂಟ ಅಲುಗಾಡಿಸಿದೆ, ಕಿತ್ತು ಬರಲಿಲ್ಲ. ಎಮ್ಮೆ ಮೂಗು ಮೇಲೆತ್ತಿ ನನ್ನನ್ನೇ ನೋಡುತ್ತಿತ್ತು. ನೀರು ಎದೆಗೆ ಬಂದಾಗ ಇಬ್ಬರು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಬಂದರು. ಹಿಂದಿನಿಂದ ಅದು ಎರಡು ಸಲ ಒದರಿತು. ಆಮೇಲೆ ಒದರಲಿಲ್ಲ.

ದಿನ್ನೆಯ ಮೇಲೆ ನಿಂತು ಹೆಂಡತಿಯ ತಮ್ಮನಿಗೆ ಫೋನ್ ಹಚ್ಚಿ ಬೈದೆ. ಅವನು, "ನಿಮ್ಮಾಣಿ ಮಾವಾ, ಇಲ್ಲಿ ಇನ್ನೂ ಒಂದು ಗೇಟೂ ಎತ್ತಿಲ್ರಿ" ಎಂದ.

ರಸ್ತೆ ಬಂದ್ ಆಗಿತ್ತು. ಕಾಕು ಮರುದಿನ ಸುತ್ತುಹಾದಿ ಹಿಡಿದು, ಅರ್ಧ ದಾರಿ ನಡೆದೇ ಶಾಲೆಗೆ ಬಂದರು. ನನ್ನ ಎಮ್ಮೆಗಳನ್ನು ನೋಡಿದರು, ಆಚೀಚೆ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತರು.

"ನನ್ನ ತವರುಮನಿ ಹಿರಣ್ಯಕೇಶಿ ದಂಡಿಗೆ ಐತಿ. ಆ ಹೊಳಿ ಕೆಂಪ ಬಣ್ಣ ನನಗ ಗೊತ್ತೈತಿ. ಅದು ಡ್ಯಾಮಿನ ಕೆಳಗ ಬಂದು ಕೂಡತೈತಿ ತಮ್ಮಾ. ಗೋಕಾಕದ ಕಡೆ ಮಾರ್ಕಂಡೇಯ ಕೂಡತೈತಿ. ಮ್ಯಾಲೆ ಘಟಪ್ರಭಾ, ತಾಮ್ರಪರ್ಣಿ ನೀರನ್ನ ಡ್ಯಾಮ್ ಹಿಡಿದೀತು. ಕೆಳಗ ಕೂಡಿದ್ದನ್ನ ಯಾರು ಹಿಡೀಬೇಕು?"

ನನ್ನದೇ ತಪ್ಪು ಎನ್ನಲು ಬಾಯಿ ತೆರೆದೆ. ಅವರೇ, "ನೀ ಏನ ಸುಳ್ಳ ಹೇಳಿದ್ದೇನು? ಡ್ಯಾಮ್ ಬಿಟ್ಟಿದ್ದಿಲ್ಲ, ಖರೆ" ಎಂದರು.

ಕಾಕು ಮುಂದೆ ಎಮ್ಮೆ ಕಟ್ಟಲಿಲ್ಲ. ಒಂದು ಕರು ಕೊಡುತ್ತೇನೆಂದರೆ, "ಬ್ಯಾಡೊ, ಈಗ ಕೈಲಾಗೂದಿಲ್ಲ" ಎಂದರು. ಈಗ ಮಂದಿಯ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಾರೆ. ಎಲೆ ಹಾಕಿಕೊಳ್ಳಲು ಚೀಲ ಬಿಚ್ಚಿದಾಗ ಆ ಕೀಲಿಕೈ ಇನ್ನೂ ಅದರೊಳಗೆ ಕಾಣುತ್ತದೆ. ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳುವ ಧೈರ್ಯ ನನಗಿಲ್ಲ.

ಹೋದ ಮಳೆಗಾಲದಲ್ಲಿ ಒಂದು ಮುಂಜಾನೆ ನಾನು ಫೋನ್ ಹಚ್ಚಿ ಗೇಟ್ ಬಂದ್ ಇವೆ ಎಂದು ತಿಳಿದುಕೊಂಡು ಕೂತಿದ್ದೆ. ಕಾಕು ಗೋಣಿಚೀಲ ಹೊದ್ದುಕೊಂಡು ಹೊಳೆಯ ಕಡೆಯಿಂದ ಓಡುತ್ತಾ ಬಂದರು. ತೇಕುತ್ತಿದ್ದರು. "ನೀರ ಕೆಂಪಾಗೇತಿ. ಎಮ್ಮಿ ಬಿಚ್ಚೊ ತಮ್ಮಾ" ಎಂದರು. ನಾನು ಫೋನ್ ಕೆಳಗಿಟ್ಟು ಹೋಗಿ ಬಿಚ್ಚಿದೆ. ನನ್ನ ಕರುವಿನ ಹಗ್ಗ ಹಿಡಿದು ಅವರೇ ಮುಂದೆ ನಡೆದರು.

ಅವರ ಹಿಂದೆ ದಿನ್ನೆ ಹತ್ತುತ್ತಾ ನನಗೆ ಅಳು ಬಂತು. ಅವತ್ತು ಶಾಲೆಯ ಮುಂದೆ ನಾಲ್ಕು ಮಂದಿಯ ಎದುರು ಅವರು ನನ್ನನ್ನು ಬೈದಿದ್ದರೆ, ನಾನು ಇವತ್ತಿಗೆ ಸ್ವಲ್ಪವಾದರೂ ಹಗುರಾಗಿರುತ್ತಿದ್ದೆ.